ಬುಡಕ್ಕೆ ಇಪ್ಪತ್ತಮೂರು

ಹಳ್ಳದ ದಡದಲ್ಲಿ ನನ್ನ ಹದಿನೆಂಟು ಹೆಂಚುಗಳು ಸಾಲಾಗಿ ಬಿಸಿಲು ಕಾಯಿಸುತ್ತ ಕೂತಿದ್ದವು. ಒಂದೊಂದನ್ನೂ ಯಾರೋ ತಿಕ್ಕಿ ತೊಳೆದು ಹೊಸದರ ಹಾಗೆ ಮಾಡಿದ್ದರು. ಮೂರು ವಾರದಿಂದ ನೀರಿನಡಿ ಅವುಗಳ ಮೇಲೆ ನಾನು ಬೆಳೆಸಿದ್ದ ಪಾಚಿಯ ಒಂದು ಎಳೆಯೂ ಉಳಿದಿರಲಿಲ್ಲ.

ಪಕ್ಕದಲ್ಲೇ ತೆಂಗಿನ ನಾರು ಹಿಡಿದು ಒಬ್ಬ ನಿಂತಿದ್ದ. ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು. ಮುಖದ ತುಂಬ ದೊಡ್ಡ ಉಪಕಾರ ಮಾಡಿದವನ ನಗು.

"ನಿಮ್ಮವೇನ್ರಿ ಇವು? ಮನಿ ಕಟ್ಟೋರು ಹೆಂಚು ನೆನೆಸಾಕ್ ಹಾಕಿ ಮರ್ತು ಹೋಗ್ಯಾರೆ ಅಂದ್ಕಂಡೆ. ಪೂರ್ತಿ ಪಾಚಿ ಕಟ್ಟಿದ್ವು. ಎಲ್ಲಾ ತಿಕ್ಕಿ ಇಟ್ಟೀನಿ, ನೋಡ್ರಿ."

"ಪಾಚಿ ಕಟ್ಟಲಿ ಅಂತಲೇ ಹಾಕಿದ್ದು ರೀ ನಾನು!"

ಅವನು ಒಮ್ಮೆ ನಾರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಪಾಚಿ ಬೆಳೆಸಾಕಾ?"

"ಹೌದು."

"ಯಾಕ್ರಿ, ತಿಂತೀರಾ?"

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಆದರೆ ಅವನು ಅದನ್ನು ತಮಾಷೆಗೆ ಕೇಳಿರಲಿಲ್ಲ. ಹುಬ್ಬು ಮೇಲೆತ್ತಿ, ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದ. ನಾನು ನಗು ತಡೆಯಲಿಕ್ಕೆ ಬೆನ್ನು ತಿರುಗಿಸಿ ಹೆಂಚು ಎಣಿಸುವ ನಾಟಕ ಆಡಿದೆ.

ನಾನು ಅಂಕಿತಾ. ದಾವಣಗೆರೆ ಕೆ.ಬಿ. ಬಡಾವಣೆಯವಳು. ಗದ್ದೆಗೆ ಹೊಡೆದ ಕೀಟನಾಶಕ ಹಳ್ಳಕ್ಕಿಳಿದರೆ ಅಲ್ಲಿಯ ಪಾಚಿಗೂ ಹುಳಗಳಿಗೂ ಏನಾಗುತ್ತದೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಇದರಲ್ಲೊಂದು ತಮಾಷೆಯಿದೆ. ನಮ್ಮಪ್ಪ ಮುರುಗೇಶಪ್ಪನವರದು ಕೀಟನಾಶಕದ್ದೇ ಅಂಗಡಿ. "ನಾನು ಮಾರ್ತೀನಿ, ನನ್ನ ಮಗಳು ಸತ್ತವನ್ನ ಎಣಿಸ್ತಾಳೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ.

ನಾನು ಆರಿಸಿಕೊಂಡ ಹಳ್ಳ ಕೊಕ್ಕನೂರಿನ ಆಚೆಯ ಕುರುಚಲು ಗುಡ್ಡದಲ್ಲಿ ಹುಟ್ಟುತ್ತದೆ. ಗುಡ್ಡ ಇಳಿದ ಮೇಲೆ ಅದರ ಪಕ್ಕ ಮೊದಲು ಸಿಗುವುದು ಎರಡೆಕರೆ ಗದ್ದೆ. ಅಲ್ಲಿಂದ ಕೆಳಗೆ ಊರವರ ಗದ್ದೆಗಳು. ಅವರೆಲ್ಲ ಔಷಧಿ ಹೊಡೆಯುವವರೇ. ಮೇಲಿನ ಹಳ್ಳಕ್ಕೂ ಕೆಳಗಿನ ಹಳ್ಳಕ್ಕೂ ಇರುವ ವ್ಯತ್ಯಾಸವೇ ನನ್ನ ಪ್ರಬಂಧ. ಹಾಗಾಗಿ ಮೇಲಿನ ಹಳ್ಳ ಶುದ್ಧವಾಗಿ ಉಳಿಯಲೇಬೇಕಿತ್ತು. ಅದು ಆ ಎರಡೆಕರೆಯ ಯಜಮಾನನ ಕೈಯಲ್ಲಿತ್ತು. ಯಜಮಾನ ಈಗ ತೆಂಗಿನ ನಾರು ಹಿಡಿದು ನನ್ನೆದುರು ನಿಂತಿದ್ದ.

ಹೆಸರು ಅಂಜನ್. ಹರಿಹರದಲ್ಲಿ ಬಿ.ಕಾಂ. ಮುಗಿಸಿ, ಬೇಕಂತಲೇ ಗದ್ದೆಗೆ ಇಳಿದವನು.

"ತಪ್ಪಾತು ಮೇಡಂ. ದಂಡ ಏನ್ ಹಾಕ್ತೀರಿ?" ಎಂದ.

"ಈ ಬೆಳೆ ಮುಗಿಯೋವರೆಗೂ ಈ ಎರಡೆಕರೆಗೆ ಹುಳದ ಔಷಧಿ ಹೊಡೀಬಾರದು."

"ಅದು ದಂಡ ಅಲ್ರಿ, ಗಲ್ಲು." ಅವನ ನಗು ಹೋಯಿತು. ಪೈರಿನ ಕಡೆ ನೋಡಿದ. "ಜಿಗಿ ಬಂದ್ರೆ?"

ಜಿಗಿ ಎಂದರೆ ಭತ್ತದ ಬುಡಕ್ಕೆ ಕೂತು ರಸ ಹೀರುವ ಕಂದು ಹುಳ. ಜಾಸ್ತಿಯಾದರೆ ಹಸಿರು ಗದ್ದೆ ಒಂದೇ ವಾರದಲ್ಲಿ ಬೆಂಕಿ ತಗುಲಿದ ಹಾಗೆ ಒಣಗಿಹೋಗುತ್ತದೆ. ಅವನ ಭಯ ಸುಳ್ಳಲ್ಲ.

"ಬಂದ್ರೆ ನಾನೇ ಎಣಿಸ್ತೀನಿ. ಬುಡಕ್ಕೆ ಹತ್ತರೊಳಗೆ ಇದ್ರೆ ಸುಮ್ನಿರೋಣ. ಅದನ್ನ ತಿನ್ನೋ ಜೇಡ ಜಾಸ್ತಿ ಇದ್ರೆ ಇನ್ನೂ ಸ್ವಲ್ಪ ತಡೀಬಹುದು. ಮೀರಿದ್ರೆ ಹೊಡೀರಿ."

"ನೀವ್ ಹೇಳಿದ್ದೇ ಲೆಕ್ಕ?"

"ನಾನು ಹೇಳಿದ್ದೇ ಲೆಕ್ಕ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಭತ್ತದ ಕಾಳು ಕೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ನೋಡುತ್ತಾರಲ್ಲ, ಹಾಗೆ. ಆಮೇಲೆ ತಲೆಯಾಡಿಸಿದ. "ಆತು ನಡೀರಿ. ನಿಮ್ಮ ಮಾತೇ ಮಾತು."

ವಾರಕ್ಕೆರಡು ಬಾರಿ ನಾನು ಹರಿಹರದಲ್ಲಿಳಿದು ನಂದಿಗುಡಿ ಬಸ್ಸು ಹಿಡಿಯುತ್ತಿದ್ದೆ. ಮೊದಮೊದಲು ಊರ ಬಸ್ ಸ್ಟಾಪಿನಿಂದ ಹಳ್ಳದವರೆಗೆ ನಡೆದೇ ಹೋಗುತ್ತಿದ್ದೆ. ಪರಿಚಯವಾದ ಮೂರನೆಯ ವಾರದಿಂದ ಅಂಜನ್‌ಗೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಸರಿಯಾಗಿ ಹತ್ತು ಗಂಟೆಗೆ ಸ್ಟಾಪಿನ ಹತ್ತಿರವೇ ಏನಾದರೂ ಕೆಲಸ ಬೀಳತೊಡಗಿತು.

"ಈಗ್ ಬಂದ್ರಾ? ನಾನೂ ಈಗ್ಲೇ ಬಂದೆ," ಎನ್ನುತ್ತಿದ್ದ. ಬೈಕಿನ ಸೀಟು ಮಾತ್ರ ಬಿಸಿಲಿಗೆ ಕಾದು ಸುಡುತ್ತಿರುತ್ತಿತ್ತು.

ಒಂದು ದಿನ ಕೆಳಗಿನ ಹಳ್ಳಕ್ಕೆ ಹೋದಾಗ ಅವನೂ ಬಂದ. ಅಲ್ಲಿ ಕಲ್ಲುಗಳೆಲ್ಲ ದಟ್ಟ ಹಸಿರು. ಕಾಲಿಟ್ಟರೆ ಜಾರುವಷ್ಟು ಪಾಚಿ.

"ನಮ್ ಕಡಿಗಿಂತ ಇಲ್ಲೇ ಹಳ್ಳ ಚಲೋ ಐತಲ್ರಿ? ಎಷ್ಟ್ ಹಸಿರೈತೆ ನೋಡ್ರಿ."

ನಾನು ಒಂದು ಕಲ್ಲೆತ್ತಿ ಅದರ ತಳ ತೋರಿಸಿದೆ. ಏನೂ ಇರಲಿಲ್ಲ. ಅವನನ್ನು ಮತ್ತೆ ಮೇಲಕ್ಕೆ ಕರೆತಂದು ಅವನ ಗದ್ದೆಯ ಪಕ್ಕದ ಹಳ್ಳದಿಂದ ಇನ್ನೊಂದು ಕಲ್ಲೆತ್ತಿದೆ. ಅಕ್ಕಿಕಾಳಿನಷ್ಟು ಉದ್ದದ ಹುಳ ಅತ್ತಿತ್ತ ಓಡಿತು. ಬಾಲದಲ್ಲಿ ಕೂದಲಿನಂಥ ಮೂರು ಎಳೆ. ನನ್ನ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ.

"ಇದು ಮೇಫ್ಲೈ ಮರಿ. ಕಲ್ಲಿನ ಮೇಲಿನ ಪಾಚಿ ಮೇಯುತ್ತೆ. ಔಷಧಿ ನೀರಿಗೆ ಸೇರಿದ್ರೆ ಮೊದಲು ಸಾಯೋದು ಇದೇ. ಆಮೇಲೆ ಪಾಚಿ ಮೇಯೋರೇ ಇಲ್ಲ. ಕೆಳಗಿನ ಹಸಿರು ಇದೆಯಲ್ಲ, ಅದು ದನ ಸತ್ತ ಊರಿನ ಹುಲ್ಲು."

ಅವನು ಕಣ್ಣು ಕಿರಿದು ಮಾಡಿ ಬಗ್ಗಿದ. ಅವನ ಹಣೆ ನನ್ನ ಹಣೆಗೆ ತಾಗುವಷ್ಟು ಹತ್ತಿರ ಬಂದಿತ್ತು. ರೆಪ್ಪೆಯ ಮೇಲೊಂದು ನೀರ ಹನಿ ನಿಂತಿತ್ತು. ನಾನು ಹುಳ ನೋಡುವುದನ್ನು ಯಾವಾಗಲೋ ಬಿಟ್ಟಿದ್ದೆ.

"ಉಸಿರಾಡ್ತೈತೆ ನೋಡ್ರಿ, ಪಕ್ಕೆ ಅಲ್ಲಾಡ್ಸ್ತೈತೆ," ಎಂದು ಪಿಸುಗುಟ್ಟಿದ. ಆಮೇಲೆ ತಲೆಯೆತ್ತದೆಯೇ, "ಮೇಡಂ, ಹುಳ ಕೆಳಗೈತೆ. ನೀವ್ ಎಲ್ಲಿ ನೋಡ್ತೀರಿ?" ಎಂದ.

"ನಿಮ್ಮ ರೆಪ್ಪೆ ಮೇಲೆ ನೀರಿದೆ. ಅದನ್ನ ನೋಡ್ದೆ."

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಅವನ ಕಿವಿ ಕೆಂಪಾದದ್ದು ನೋಡಿ ಮನಸ್ಸು ತುಂಬಿತು. ಅವತ್ತೇ ನನಗೆ ಗೊತ್ತಾಯಿತು, ಈ ಮನುಷ್ಯ ನನಗೆ ಬೇಕು. ಹೇಳಲಿಕ್ಕೆ ಅವಸರವಿರಲಿಲ್ಲ. ಬೆಳೆ ಕೊಯ್ಲಾಗಲಿ, ಪ್ರಬಂಧ ಮುಗಿಯಲಿ ಅಂದುಕೊಂಡೆ.

ಅವನ ತಾಯಿ ಹಂಪವ್ವನಿಗೆ ಮಾತ್ರ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಬುತ್ತಿ ತಂದಾಗೆಲ್ಲ "ಕೂಡ್ರಿ, ಉಣ್ರಿ" ಎನ್ನುತ್ತಿದ್ದರು. ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಡುತ್ತಲೇ ಮಗನಿಗೆ ಕೇಳುವ ಹಾಗೆ, "ಹುಳ ಉಳ್ಸಾಕ್ ಹೋಗಿ ಗದ್ದಿ ಕಳ್ಕಂಡ್ರೆ ನೋಡು ಮತ್ತೆ," ಎಂದೂ ಸೇರಿಸುತ್ತಿದ್ದರು.

ಅಕ್ಟೋಬರ್ ಎರಡನೆಯ ವಾರ, ಬೆಳಗ್ಗೆ ಏಳಕ್ಕೇ ಫೋನು ಬಂತು.

"ಮೇಡಂ, ಬರ್ರಿ. ಪೈರು ಹಳದಿ ತಿರುಗೈತೆ." ಅವನು ಅಷ್ಟೇ ಹೇಳಿದ. ದನಿಯಲ್ಲಿ ನಗು ಇರಲಿಲ್ಲ.

ಗದ್ದೆಗೆ ಹೋಗಿ ನೋಡಿದೆ. ನಡುವೆ ಎರಡು ಕಡೆ ಚಾಪೆಯಷ್ಟಗಲ ಪೈರು ಬಾಡಿತ್ತು. ಹಂಪವ್ವ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಊರಲ್ಲಿ ಮಿಕ್ಕವರೆಲ್ಲ ಆಗಲೇ ಔಷಧಿ ಹೊಡೆದಾಗಿತ್ತು.

ಎಣಿಸುವ ಕೆಲಸ ಕಷ್ಟದ್ದೇನಲ್ಲ. ಪೈರಿನ ಬುಡದ ಹತ್ತಿರ ಬಿಳಿ ತಟ್ಟೆ ಹಿಡಿದು ದಂಟಿಗೆ ತಟ್ಟಬೇಕು. ಬಿದ್ದ ಹುಳಗಳನ್ನು ಜಿಗಿದು ಹೋಗುವ ಮೊದಲೇ ಎಣಿಸಬೇಕು. ಮರಿಗಳು ಸಾಸಿವೆಗಿಂತ ಸಣ್ಣವು. ಅಭ್ಯಾಸವಿಲ್ಲದ ಕಣ್ಣಿಗೆ ಐದು ಯಾವುದು, ಐವತ್ತು ಯಾವುದು ತಿಳಿಯುವುದಿಲ್ಲ. ಗದ್ದೆಯ ತುಂಬ ಅಲ್ಲಲ್ಲಿ ಇಪ್ಪತ್ತು ಬುಡ ಆರಿಸಿಕೊಂಡೆ. ನಾನು ಹೇಳುವುದು, ಅಂಜನ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು.

"ಹತ್ತೊಂಬತ್ತು," ಎಂದೆ. ಬರೆದ.

"ಇಪ್ಪತ್ತಾರು." ಬರೆದ.

"ಇಪ್ಪತ್ತೆರಡು. ಜೇಡ, ಇಲ್ಲ."

ಆರನೆಯ ಬುಡದ ಹತ್ತಿರ ನಾನು ನಿಂತುಬಿಟ್ಟೆ. ಮಾರ್ಚ್‌ಗೆ ನನ್ನ ಫೆಲೋಶಿಪ್ ಮುಗಿಯುತ್ತಿತ್ತು. ಇನ್ನೊಂದು ಮಳೆಗಾಲ ನನ್ನ ಬಳಿ ಇರಲಿಲ್ಲ. ಮೇಲಿನ ಹಳ್ಳಕ್ಕೆ ಔಷಧಿ ಬಿದ್ದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಎರಡು ವರ್ಷದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾನು ಒಂಬತ್ತು ಎಂದರೆ ಸಾಕಿತ್ತು. ಅವನು ಬರೆದುಕೊಳ್ಳುತ್ತಿದ್ದ. ಇನ್ನು ಮೂರು ವಾರ ತಳ್ಳಿದ್ದರೆ ನನ್ನ ಲೆಕ್ಕ ಪೂರ್ತಿಯಾಗುತ್ತಿತ್ತು.

ತಲೆಯೆತ್ತಿ ನೋಡಿದೆ. ಅವನು ಪೆನ್ನು ಹಿಡಿದು ಕಾಯುತ್ತಿದ್ದ. ಪೈರನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಆ ಕಣ್ಣಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ.

"ಇಪ್ಪತ್ತೆಂಟು," ಎಂದೆ.

ಇಪ್ಪತ್ತೂ ಬುಡ ಮುಗಿದವು. ಬದುವಿನ ಮೇಲೆ ಕೂತು ಸರಾಸರಿ ತೆಗೆದೆ. "ಬುಡಕ್ಕೆ ಇಪ್ಪತ್ತಮೂರು. ಜೇಡ ಎಲ್ಲೋ ಒಂದೊಂದು. ತಡೆಯೋ ಹಾಗಿಲ್ಲ ಅಂಜನ್. ಗದ್ದೆ ನೀರು ಬಸಿದುಬಿಡಿ. ನಾಳೆ ಬೆಳಗ್ಗೆ ಔಷಧಿ ಹೊಡೀರಿ."

ಹಂಪವ್ವ ನನ್ನನ್ನು ದಿಟ್ಟಿಸಿ ನೋಡಿದರು. ನೀರು ಹೊರಬಿಡಲು ಬದುವಿನ ಮಡೆ ಬಿಚ್ಚಲಿಕ್ಕೆ ನಡೆದರು.

ಅಂಜನ್ ನೋಟ್‌ಬುಕ್ ಮುಚ್ಚಲಿಲ್ಲ. "ನಿಮ್ಮ ಕೆಲ್ಸ?"

"ಕೆಲಸದ್ದು ನಾನು ನೋಡ್ಕೊಳ್ತೀನಿ."

"ಮೇಡಂ, ನೀವ್ ಒಂಬತ್ತು ಅಂದಿದ್ರೂ ನಾನು ಒಂಬತ್ತೇ ಬರ್ಕಂತಿದ್ದೆ."

"ಗೊತ್ತು. ಅದಕ್ಕೇ ಅನ್ನೋಕಾಗ್ಲಿಲ್ಲ."

ಅವನು ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹರಿಹರ ಬರುವವರೆಗೂ ಅತ್ತೆ. ಅತ್ತದ್ದು ಪ್ರಬಂಧಕ್ಕಾಗಿ. ಹೇಳಿದ ಲೆಕ್ಕದ ಬಗ್ಗೆ ನನಗೆ ಒಂದು ಕ್ಷಣವೂ ಪಶ್ಚಾತ್ತಾಪ ಆಗಲಿಲ್ಲ.

ಮಧ್ಯಾಹ್ನ ನೇರ ಅಪ್ಪನ ಅಂಗಡಿಗೆ ಹೋದೆ. "ಜಿಗಿಗೆ ಔಷಧಿ ಬೇಕು. ಎರಡೆಕರೆಗೆ."

ಅಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಹುಟ್ಟಿದಾಗಿನಿಂದ ನಾನು ಅಂಗಡಿಯಲ್ಲಿ ಒಂದು ಬಾಟಲಿ ಮುಟ್ಟಿದವಳಲ್ಲ. "ನೀನು ಔಷಧಿ ಕೇಳ್ತಿದೀಯಾ? ಯಾರ ಗದ್ದೆಗಮ್ಮ?"

"ಕೊಕ್ಕನೂರಿನ ಅಂಜನ್ ಅಂತ. ಹಳ್ಳದ ಪಕ್ಕದ್ದು."

"ಓ. ಮಂಗಳವಾರ, ಶುಕ್ರವಾರದ ಹಳ್ಳ." ಅಪ್ಪ ಒಳಗೆ ಹೋಗಿ ಒಂದು ಬಾಟಲಿ ತಂದರು. "ಬುಡಕ್ಕೇ ಬೀಳೋ ಹಂಗೆ ಹೊಡೀಲಿ, ಬರೀ ಎಲೆ ಮೇಲೆ ಅಲ್ಲ. ಹಳ್ಳದ ಕಡೆ ಗಾಳಿ ಇದ್ರೆ ನಿಲ್ಸ್ಲಿ. ಪಂಪು ಹಳ್ಳದಾಗೆ ತೊಳೀಬ್ಯಾಡ ಅಂತ ಹೇಳು. ಎಲ್ಲರಿಗೂ ಹೇಳ್ತೀನಿ, ಯಾರೂ ಕೇಳಲ್ಲ."

"ಇವರು ಕೇಳ್ತಾರೆ."

ಅಪ್ಪ ನನ್ನ ಕೆಂಪು ಕಣ್ಣು ನೋಡಿದರು. "ಔಷಧಿ ಹೊಡೆದ್ರೆ ನಿನ್ನ ಪ್ರಬಂಧ ಏನಾಗ್ತದೆ?"

"ಅರ್ಧ ಹೋಗುತ್ತೆ."

"ಗೊತ್ತಿದ್ದೂ ತಗೊಂಡು ಹೋಗ್ತಿದೀಯಾ?"

"ಹೌದಪ್ಪ."

ಅಪ್ಪ ಬಾಟಲಿಯನ್ನು ನಿಧಾನವಾಗಿ ಕಾಗದದಲ್ಲಿ ಸುತ್ತಿದರು. ನಮ್ಮಮ್ಮ ಶಕುಂತಲಮ್ಮನ ಮೊದಲ ಪ್ರಶ್ನೆ ಏನಿರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು: ಹುಡುಗ ನಮ್ಮವರೇನು? ಅಲ್ಲ. ಎರಡನೆಯ ಪ್ರಶ್ನೆ ಅದಕ್ಕಿಂತ ಜೋರಾಗಿರುತ್ತದೆಂದೂ ಗೊತ್ತಿತ್ತು.

"ನಿಮ್ಮಮ್ಮನಿಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿದ್ರೆ ಸಾಕು."

ಅಪ್ಪ ನಕ್ಕರು. ಅವತ್ತು ಸಂಜೆ ಅಮ್ಮನಿಗೆ ಅಂಜನ್ ವಿಷಯ ಹೇಳಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ "ಅವರ ಮನೇಲಿ ಯಾರ್ಯಾರಿದಾರೆ?" ಎಂದು ಕೇಳಿದರು. ನನ್ನಮ್ಮನನ್ನು ಬಲ್ಲ ನನಗೆ ಅಷ್ಟು ಸಾಕಾಗಿತ್ತು.

ಇದರ ನಡುವೆ, ಎಣಿಸಿದ ಮರುದಿನ ಬೆಳಗ್ಗೆ ಎಂಟಕ್ಕೆ ಅಂಜನ್‌ಗೆ ಬಾಟಲಿ ಕೊಟ್ಟು ಹಳ್ಳದಲ್ಲಿದ್ದೆ. ನೀರಿಗೆ ಅಡ್ಡ ಬಲೆ ಕಟ್ಟಿದೆ. ಸತ್ತ ಹುಳ ತೇಲಿ ಬಂದರೆ ಬಲೆಯಲ್ಲಿ ಸಿಗುತ್ತವೆ. ಹಾಳಾಗುವುದೇ ಆದರೆ ಎಷ್ಟು ಹಾಳಾಯಿತೆಂದಾದರೂ ನನಗೆ ಗೊತ್ತಾಗಬೇಕಿತ್ತು. ಅಂಜನ್ ಮೂಗಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಪಂಪು ಹೊತ್ತು ಗದ್ದೆಗೆ ಇಳಿದ. ಗುಡ್ಡದ ಕಡೆಯಿಂದ ಶುರುಮಾಡಿ ಸಾಲು ಸಾಲಾಗಿ ಹಳ್ಳದ ಕಡೆ ಬಂದ. ಹಳ್ಳಕ್ಕೆ ಇನ್ನೂ ಹನ್ನೆರಡು ಸಾಲು ಇರುವಾಗಲೇ ಪಂಪು ನಿಲ್ಲಿಸಿದ.

"ಮುಗೀಲಿಲ್ಲ. ಇನ್ನೂ ಇಷ್ಟಿದೆಯಲ್ಲ," ಎಂದು ಕೂಗಿದೆ.

"ಮುಗೀತು."

"ಆ ಸಾಲುಗಳಲ್ಲೂ ಜಿಗಿ ಇದೆ ಅಂಜನ್. ಒಣಗಿ ಹೋಗ್ತಾವೆ."

"ಹೋಗ್ಲಿ ಬಿಡ್ರಿ." ಅವನು ಮುಖದ ಬಟ್ಟೆ ಕೆಳಗಿಳಿಸಿದ. "ನಿನ್ನೆ ನೀವ್ ನಿಮ್ದು ಬಿಟ್ರಿ. ಇವತ್ತು ನಾನು ಹನ್ನೆರಡು ಸಾಲು ಬಿಟ್ರೆ ಏನಾತು?"

ಪಂಪನ್ನು ಅವನು ಹಳ್ಳಕ್ಕೆ ತರಲಿಲ್ಲ. ಕೊಡದಲ್ಲಿ ನೀರು ಹೊತ್ತುಕೊಂಡು ಹೋಗಿ ಗದ್ದೆಯ ಆ ತುದಿಯಲ್ಲೇ ತೊಳೆದ. ಆಮೇಲೆ ಸೋಪು ಹಚ್ಚಿ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ ಬಂದು ನನ್ನ ಪಕ್ಕ ನೀರಿಗಿಳಿದ.

ಹನ್ನೊಂದರ ಹೊತ್ತಿಗೆ ಬಲೆಗೆ ಮೊದಲ ಮರಿ ಬಂತು. ಆಮೇಲೆ ಮೂರು. ಆಮೇಲೆ ಎಣಿಸಲಿಕ್ಕೆ ಬಿಡುವಿಲ್ಲದಷ್ಟು. ಅಂಜನ್ ಒಂದೊಂದನ್ನೇ ಬೆರಳ ತುದಿಯಲ್ಲೆತ್ತಿ ಬಾಟಲಿಗೆ ಹಾಕುತ್ತಿದ್ದ. ಇಷ್ಟು ವರ್ಷ ಔಷಧಿ ಹೊಡೆದಿದ್ದ ಅವನು ಅದರ ಆಚೆಯ ಸಾವನ್ನು ಕಂಡದ್ದು ಅದೇ ಮೊದಲು.

"ಪಕ್ಕೆ ಅಲ್ಲಾಡ್ಸ್ತಿಲ್ಲ ಇದು," ಎಂದ. ನಾನು ಅವನ ಭುಜದ ಮೇಲೆ ಕೈಯಿಟ್ಟೆ. ಇಬ್ಬರೂ ಸಂಜೆಯವರೆಗೆ ಹಾಗೇ ಎಣಿಸಿದೆವು.

ಎರಡು ದಿನ ಬಿಟ್ಟು ಕಲ್ಲುಗಳನ್ನೆತ್ತಿ ನೋಡಿದೆ. ಮೂರರಲ್ಲಿ ಒಂದು ಪಾಲು ಹುಳ ಸತ್ತಿದ್ದವು. ಎರಡು ಪಾಲು ಬದುಕಿದ್ದವು. ಕೆಳಗಿನ ಹಳ್ಳದಲ್ಲಿ ನಾನು ಒಂದು ಪಾಲು ಉಳಿದದ್ದನ್ನೂ ಎಂದೂ ಕಂಡವಳಲ್ಲ.

ನಮ್ಮ ಗೈಡ್ ಮೀನಾಕ್ಷಿ ಮೇಡಂ ನನ್ನ ಅಂಕಿಗಳನ್ನು ಎರಡು ಸಲ ನೋಡಿದರು. "ನಿನ್ನ ಶುದ್ಧ ಹಳ್ಳ ಹೋಯ್ತು. ಆದ್ರೆ ಈ ಹನ್ನೆರಡು ಸಾಲಿನ ವಿಷಯ ಇದೆಯಲ್ಲ, ಇದು ಹೊಸ ಪ್ರಶ್ನೆ. ಬಿಟ್ಟ ಸಾಲು ಹಳ್ಳವನ್ನ ಎಷ್ಟು ಕಾಪಾಡುತ್ತೆ? ಒಂದೇ ಗದ್ದೆಯಿಂದ ಹೇಳೋಕಾಗಲ್ಲ. ಇನ್ನೊಂದು ಬೆಳೆ ನೋಡ್ಬೇಕು. ಫೆಲೋಶಿಪ್ ಇರಲ್ಲ, ಮಾಡ್ತೀಯಾ?"

"ಮಾಡ್ತೀನಿ ಮೇಡಂ. ಟ್ಯೂಷನ್ ಹೇಳಿಕೊಂಡಾದ್ರೂ ಮಾಡ್ತೀನಿ," ಎಂದೆ. ನನ್ನ ಕೈಲಿ ಆಗುತ್ತದೆಂದು ನನಗೆ ಗೊತ್ತಿತ್ತು.

ನವೆಂಬರಿನ ಒಂದು ಶುಕ್ರವಾರ ಹಳ್ಳಕ್ಕೆ ಹೋದಾಗ ಎರಡೆಕರೆ ತೆನೆ ಬಾಗಿ ನಿಂತಿತ್ತು. ಹಳ್ಳದಂಚಿನ ಹನ್ನೆರಡು ಸಾಲು ಮಾತ್ರ ಸುಟ್ಟು ಕಂದು ಬಣ್ಣವಾಗಿದ್ದವು. ಮೇಯುವವು ಕಡಿಮೆಯಾದ್ದರಿಂದ ಮೇಲಿನ ಹಳ್ಳದ ಕಲ್ಲಿಗೂ ತೆಳ್ಳಗೆ ಪಾಚಿ ಹತ್ತಿತ್ತು. ಅಂಜನ್ ಆ ದಡದಿಂದ ನನ್ನ ಕಡೆ ದಾಟಿ ಬರುತ್ತಿದ್ದ. ಮುಖ ಬಹಳ ಗಂಭೀರವಾಗಿತ್ತು. ಹೊಸ ಶರ್ಟು ಬೇರೆ ಹಾಕಿದ್ದ.

ನಡುನೀರಿಗೆ ಬಂದವನು ಜಾರಿ ದಬಕ್ಕನೆ ಕೂತ. ಸೊಂಟದವರೆಗೆ ನೀರು.

ನಾನು ನಕ್ಕೆ. ನಗು ನಿಲ್ಲಿಸಲಿಕ್ಕೆ ಆಗದೆ ದಡದಲ್ಲೇ ಕೂತೆ.

"ನಗ್ರಿ, ನಗ್ರಿ. ನಾನ್ ಹೊಡೆದ ಔಷಧಿ, ನಾನ್ ಬೆಳೆಸಿದ ಪಾಚಿ," ಎಂದ. ಏಳಲಿಲ್ಲ, ನೀರಲ್ಲಿ ಕೂತೇ ಇದ್ದ. "ಒಂದ್ ಮಾತ್ ಹೇಳಾಕ್ ಬಂದಿದ್ದೆ."

"ಮೊದಲು ನಾನು ಹೇಳ್ತೀನಿ." ಎದ್ದು ನೀರಿಗಿಳಿದು ಅವನ ಎದುರು ನಿಂತೆ. "ಅಂಜನ್, ನನಗೆ ನೀವಂದ್ರೆ ಇಷ್ಟ. ಸುಮ್ನೆ ಇಷ್ಟ ಅಲ್ಲ, ಮದುವೆ ಆಗೋವಷ್ಟು. ಅಪ್ಪನಿಗೆ ಹೇಳಿದೀನಿ. ಅಮ್ಮ ದಾರಿಗೆ ಬರ್ತಿದಾರೆ. ನಿಮ್ಮ ಮನಸಲ್ಲಿ ಬೇರೆ ಇದ್ರೆ ಈಗಲೇ ಹೇಳಿ."

ಅವನು ನನ್ನನ್ನೇ ನೋಡಿದ. ಮೊದಲು ಕಣ್ಣು ನಕ್ಕವು, ಆಮೇಲೆ ಬಾಯಿ.

"ನಾ ಮೂರ್ ದಿನದಿಂದ ಬಾಯಿಪಾಠ ಮಾಡ್ಕಂಡಿದ್ದೆಲ್ಲ ನೀರಾಗ್ ಹೋತಲ್ರಿ."

"ಬಾಯಿಪಾಠ ಇನ್ನೊಂದಿನ ಒಪ್ಪಿಸಿ. ನಿಮ್ಮ ಅವ್ವ ಏನಂತಾರೆ? ನನ್ನಿಂದಾಗಿ ಹನ್ನೆರಡು ಸಾಲು ಸುಟ್ಟು ಹೋಯ್ತು."

"ನಮ್ಮವ್ವನೇ ಕಳ್ಸಿದ್ದು. ಹೊಸ ಶರ್ಟು ಹಾಕ್ಕಂಡ್ ಹೋಗು ಅಂದದ್ದೂ ಅಕಿನೇ."

ನಾನು ನಂಬಲಿಲ್ಲ. ರೊಟ್ಟಿಯ ಜೊತೆ ಚುಚ್ಚುಮಾತು ಬಡಿಸುತ್ತಿದ್ದ ಹಂಪವ್ವನೇ?

"ಏನಂದ್ರು? ಇದ್ದದ್ದು ಇದ್ದಂಗೆ ಹೇಳಿ."

ಅಂಜನ್ ನನ್ನ ಕಡೆ ಕೈ ಚಾಚಿದ. ಹಿಡಿದು ಎಬ್ಬಿಸಿದೆ. ಎದ್ದ ಮೇಲೂ ಇಬ್ಬರೂ ಕೈ ಬಿಡಲಿಲ್ಲ.

"ಅವತ್ತು ಎಣಿಸೋವಾಗ ಅವ್ವ ಬದುವಿನ ಮೇಲೆ ನಿಂತು ನಿಮ್ಮ ಮುಖಾನೇ ನೋಡ್ತಿದ್ಲಂತೆ. ನಿನ್ನೆ ರಾತ್ರಿ ಉಣ್ಣಾಕ್ ಕೂತಾಗ ಅಂದ್ಲು, 'ತನಗೆ ಲುಕ್ಸಾನಾಗ್ತೈತೆ ಅಂತ ಗೊತ್ತಿದ್ದೂ ನಮ್ಮ ಗದ್ಯಾಗೆ ನಿಂತು ಖರೆ ಹೇಳಿದ್ಲು ಆ ಹುಡುಗಿ. ಅಂಥಾಕಿನ್ನ ಬಿಟ್ಟು ಇನ್ನ್ಯಾರನ್ನ ತರ್ತೀಯೋ? ಹೋಗು, ಕೇಳು.'"